ಲೀನಿಯರ್ ಪ್ರೋಗ್ರಾಮಿಂಗ್‌ನಲ್ಲಿ ಸೆನ್ಸಿಟಿವಿಟಿ ಅನಾಲಿಸಿಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಲೀನಿಯರ್ ಪ್ರೋಗ್ರಾಮಿಂಗ್ ಅಂದರೆ ಇರುವ ಮಿತಿಗಳೊಳಗೆ ಲಾಭ ಗರಿಷ್ಠ ಅಥವಾ ಖರ್ಚು ಕನಿಷ್ಠ ಮಾಡುವ ಲೆಕ್ಕ. ಅದಕ್ಕೆ ಉತ್ತರ ಸಿಕ್ಕ ಕೂಡಲೇ ಹೆಚ್ಚಿನವರು ಪುಸ್ತಕ ಮುಚ್ಚಿಬಿಡುತ್ತಾರೆ. ಕೆಲಸಕ್ಕೆ ಬರುವ ಪ್ರಶ್ನೆಗಳು ಶುರುವಾಗುವುದೇ ಆಮೇಲೆ. ಎಣ್ಣೆ ರೇಟು ಏರಿದರೆ? ಕೆಲಸದವರು ಒಬ್ಬರು ರಜೆ ಹಾಕಿದರೆ? ಇನ್ನೊಂದು ಒಲೆ ತಂದರೆ? ಬಿಕಾಂ, ಎಂಬಿಎ, ಎಂಜಿನಿಯರಿಂಗ್ ಓದುವವರು, ಈ ಲೆಕ್ಕ ಬಿಡಿಸುವ ಎಕ್ಸೆಲ್ ಸಾಲ್ವರ್ ಮುಂದೆ ಕೂತು ತಲೆ ಕೆರೆದುಕೊಳ್ಳುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಒಂದೇ ಉದಾಹರಣೆ ಹೆಚ್ಚುಕಡಿಮೆ ಕೊನೆಯವರೆಗೂ ಬರುತ್ತದೆ. ಆದ್ದರಿಂದ ಬೇರೆ ಯಾವುದನ್ನು ಹಾರಿಸಿದರೂ ಎರಡನೇ ಪ್ರಶ್ನೆಯನ್ನು ಮಾತ್ರ ಹಾರಿಸಬೇಡಿ.

ಸೆನ್ಸಿಟಿವಿಟಿ ಅನಾಲಿಸಿಸ್ ಅಂದರೆ ಏನು?

ಲೆಕ್ಕಕ್ಕೆ ಹಾಕಿದ ಅಂಕಿ ಸ್ವಲ್ಪ ಅಲುಗಾಡಿದರೆ ಉತ್ತರ ಎಷ್ಟು ಅಲುಗಾಡುತ್ತದೆ ಎಂದು ನೋಡುವುದು. ನಾವು ಹಾಕುವ ಅಂಕಿಗಳಲ್ಲಿ ಅರ್ಧಕ್ಕರ್ಧ ಅಂದಾಜು ತಾನೇ? ಕೆಜಿಗೆ 60 ರೂಪಾಯಿ ಲಾಭ ಎಂದು ಬರೆದಿದ್ದು ಮುಂದಿನ ವಾರ 52 ಆಗಬಹುದು. ಆಗಲೂ ಇದೇ ಯೋಜನೆ ನಡೆಯುತ್ತದಾ ಎಂಬುದಕ್ಕೆ ಇದರಲ್ಲಿ ಉತ್ತರವಿದೆ.

ಸಿದ್ಧಾಂತ ಬೇಡ, ಒಂದು ಲೆಕ್ಕ ಹಾಕಿ ತೋರಿಸಿ.

ಕುರುಕಲು ತಿಂಡಿ ಮಾಡುವ ಒಂದು ಸಣ್ಣ ಮನೆ ಉದ್ಯಮ ಎಂದಿಟ್ಟುಕೊಳ್ಳಿ. ಒಂದು ದೊಡ್ಡ ಬಾಣಲೆ, ಇಬ್ಬರು ಕೆಲಸದವರು. ಮಾಡುವುದು ಚಕ್ಕುಲಿ, ನಿಪ್ಪಟ್ಟು. ಹಿಟ್ಟು, ಎಣ್ಣೆ, ಗ್ಯಾಸ್, ಪ್ಯಾಕಿಂಗ್ ಖರ್ಚು ಕಳೆದು ಚಕ್ಕುಲಿಗೆ ಕೆಜಿಗೆ 60 ರೂಪಾಯಿ, ನಿಪ್ಪಟ್ಟಿಗೆ 50 ರೂಪಾಯಿ ಉಳಿಯುತ್ತದೆ.

ಚಕ್ಕುಲಿ ಒರಳಿನಲ್ಲಿ ಸರಸರ ಒತ್ತಬಹುದು, ಆದರೆ ಸಣ್ಣ ಉರಿಯಲ್ಲಿ ನಿಧಾನ ಬೇಯಬೇಕು. ಕೆಜಿಗೆ ಬಾಣಲೆಯ 6 ನಿಮಿಷ, ಕೈಕೆಲಸದ 8 ನಿಮಿಷ. ನಿಪ್ಪಟ್ಟು ಇದಕ್ಕೆ ಉಲ್ಟಾ. ಒಂದೊಂದನ್ನೂ ಬೆರಳಲ್ಲಿ ತಟ್ಟಬೇಕು, ಎಣ್ಣೆಗೆ ಬಿಟ್ಟ ಮೇಲೆ ಬೇಗ ಬೇಯುತ್ತದೆ. ಕೆಜಿಗೆ ಬಾಣಲೆಯ 4 ನಿಮಿಷ, ಕೈಕೆಲಸದ 12 ನಿಮಿಷ. ಜೊತೆಗೆ ಒಂದು ಕೆಜಿ ನಿಪ್ಪಟ್ಟಿಗೆ 125 ಗ್ರಾಂ ಕಡಲೆಕಾಯಿ ಬೀಜ ಬೇಕು.

ದಿನಕ್ಕೆ ಬಾಣಲೆ ಉರಿಯುವುದು 8 ಗಂಟೆ, ಅಂದರೆ 480 ನಿಮಿಷ. ಇಬ್ಬರ ಕೈಕೆಲಸ 960 ನಿಮಿಷ. ಕಡಲೆಕಾಯಿ ಬೀಜ 9 ಕೆಜಿ ಇದೆ. ಚಕ್ಕುಲಿಯ ಕೆಜಿಗಳಿಗೆ 'ಚ', ನಿಪ್ಪಟ್ಟಿನ ಕೆಜಿಗಳಿಗೆ 'ನಿ' ಎಂದು ಹೆಸರಿಟ್ಟರೆ:

ಲಾಭ = 60ಚ + 50ನಿ, ಇದು ಗರಿಷ್ಠ ಆಗಬೇಕು
ಬಾಣಲೆ: 6ಚ + 4ನಿ ≤ 480
ಕೈಕೆಲಸ: 8ಚ + 12ನಿ ≤ 960
ಕಡಲೆಕಾಯಿ ಬೀಜ: 0.125ನಿ ≤ 9
ಚ, ನಿ ≥ 0

ಉತ್ತರ: ಚಕ್ಕುಲಿ 48 ಕೆಜಿ, ನಿಪ್ಪಟ್ಟು 48 ಕೆಜಿ, ಲಾಭ 5,280 ರೂಪಾಯಿ. ಬಾಣಲೆ ಮತ್ತು ಕೈಕೆಲಸ ಪೂರ್ತಿ ಮುಗಿಯುತ್ತವೆ. ಕಡಲೆಕಾಯಿ ಬೀಜ 6 ಕೆಜಿ ಖರ್ಚಾಗಿ 3 ಕೆಜಿ ಉಳಿಯುತ್ತದೆ.

ದ್ವಿತೀಯ ಪಿಯುಸಿಯಲ್ಲಿ ಗ್ರಾಫ್ ಎಳೆದು, ಮೂಲೆಗಳನ್ನು ಗುರುತಿಸಿ ಮಾಡುತ್ತಿದ್ದ ಲೆಕ್ಕ ಇದೇ. ಬಾಣಲೆಯ ಗೆರೆ, ಕೈಕೆಲಸದ ಗೆರೆ ಸಂಧಿಸುವ ಮೂಲೆ (48, 48). ಅಲ್ಲಿ ಪಾಠ ಮುಗಿಯುತ್ತಿತ್ತು.

ಲಾಭದ ಅಂಕಿ ಬದಲಾದರೆ ಯೋಜನೆಯನ್ನೂ ಬದಲಿಸಬೇಕಾ?

ಒಂದು ಮಿತಿಯವರೆಗೆ ಬೇಡ. ಗ್ರಾಫ್ ಕಣ್ಣ ಮುಂದೆ ತಂದುಕೊಳ್ಳಿ. ಲಾಭದ ಗೆರೆಯನ್ನು ಸ್ವಲ್ಪ ತಿರುಗಿಸಿದರೂ ಅದು ಅದೇ ಮೂಲೆಯನ್ನು ಮುಟ್ಟಿಕೊಂಡಿರುತ್ತದೆ. ಇನ್ನೂ ತಿರುಗಿಸಿದರೆ ಒಂದು ಹಂತದಲ್ಲಿ ಪಕ್ಕದ ಮೂಲೆಗೆ ಜಿಗಿಯುತ್ತದೆ.

ಬಾಣಲೆಯ ಗೆರೆಯ ಅನುಪಾತ 6/4, ಅಂದರೆ 1.5. ಕೈಕೆಲಸದ್ದು 8/12, ಅಂದರೆ 0.667. ಲಾಭದ ಅನುಪಾತ 60/50, ಅಂದರೆ 1.2. ಇದು ಆ ಎರಡರ ನಡುವೆ ಇರುವಷ್ಟು ಕಾಲ 48, 48 ಕದಲುವುದಿಲ್ಲ. ನಿಪ್ಪಟ್ಟಿನ ಲಾಭ 50ರಲ್ಲೇ ಇದ್ದರೆ ಚಕ್ಕುಲಿಯದು 33.33ರಿಂದ 75 ರೂಪಾಯಿವರೆಗೆ ಎಲ್ಲಿ ಬೇಕಾದರೂ ಇರಬಹುದು. ಚಕ್ಕುಲಿ 60ರಲ್ಲೇ ಇದ್ದರೆ ನಿಪ್ಪಟ್ಟಿಗೆ 40ರಿಂದ 90.

ಎಣ್ಣೆ ಏರಿ ಎರಡರಲ್ಲೂ ಕೆಜಿಗೆ 5 ರೂಪಾಯಿ ಕಡಿಮೆಯಾಯಿತು ಅನ್ನಿ. 55/45 ಅಂದರೆ 1.22. ಯೋಜನೆ ಅದೇ. ಲಾಭ ಮಾತ್ರ 4,800ಕ್ಕೆ ಇಳಿಯುತ್ತದೆ. 'ಯೋಜನೆ ಬದಲಾಗುವುದಿಲ್ಲ' ಅಂದರೆ 'ನಷ್ಟ ಇಲ್ಲ' ಎಂದಲ್ಲ. ಈ 480 ರೂಪಾಯಿಯನ್ನು ತಿಂಡಿಗಳ ಪ್ರಮಾಣ ಬದಲಿಸಿ ಉಳಿಸಿಕೊಳ್ಳಲು ಆಗುವುದಿಲ್ಲ, ಅಷ್ಟೇ.

ಶ್ಯಾಡೋ ಪ್ರೈಸ್ ಅಂದರೆ?

ಒಂದು ಸಂಪನ್ಮೂಲ ಇನ್ನೊಂದು ಚೂರು ಸಿಕ್ಕರೆ ಲಾಭ ಎಷ್ಟು ಏರುತ್ತದೆ ಎಂಬ ಅಂಕಿ. ಕನ್ನಡದಲ್ಲಿ ನೆರಳು ಬೆಲೆ ಅನ್ನಬಹುದು. ಬಿಲ್ಲಿನಲ್ಲಿ ಕಾಣದಿದ್ದರೂ ಬೆನ್ನ ಹಿಂದೆ ಇದ್ದೇ ಇರುವ ಬೆಲೆ. ನಮ್ಮ ಲೆಕ್ಕದಲ್ಲಿ ಬಾಣಲೆಯ ಒಂದು ನಿಮಿಷಕ್ಕೆ 8 ರೂಪಾಯಿ, ಕೈಕೆಲಸದ ಒಂದು ನಿಮಿಷಕ್ಕೆ ಒಂದೂವರೆ ರೂಪಾಯಿ, ಕಡಲೆಕಾಯಿ ಬೀಜಕ್ಕೆ ಸೊನ್ನೆ.

ಸಂಜೆ ಬಾಣಲೆಯನ್ನು ಅರ್ಧ ಗಂಟೆ ಜಾಸ್ತಿ ಉರಿಸಿದಿರಿ ಅನ್ನಿ. 30 ನಿಮಿಷಕ್ಕೆ 8ರಂತೆ 240 ರೂಪಾಯಿ ಲಾಭ ಬರಬೇಕು. ಬರುತ್ತದಾ? ಹೊಸ ಉತ್ತರ: ಚಕ್ಕುಲಿ 57 ಕೆಜಿ, ನಿಪ್ಪಟ್ಟು 42 ಕೆಜಿ, ಲಾಭ 5,520. ಹೌದು, ಸರಿಯಾಗಿ 240.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಜನರಿಗಿದೆ. 'ಮಿತಿಯೊಳಗೆ ಏನೂ ಬದಲಾಗುವುದಿಲ್ಲ' ಎಂದುಕೊಂಡಿರುತ್ತಾರೆ. ನೋಡಿ, ಚಕ್ಕುಲಿ 9 ಕೆಜಿ ಏರಿತು, ನಿಪ್ಪಟ್ಟು 6 ಕೆಜಿ ಇಳಿಯಿತು. ಲಾಭದ ಅಂಕಿಯನ್ನು ಮಿತಿಯೊಳಗೆ ಅಲ್ಲಾಡಿಸಿದರೆ ಯೋಜನೆ ಅದೇ ಇರುತ್ತದೆ. ಸಂಪನ್ಮೂಲವನ್ನು ಅಲ್ಲಾಡಿಸಿದರೆ ಯೋಜನೆ ಬದಲಾಗುತ್ತದೆ, ನೆರಳು ಬೆಲೆ ಅದೇ ಇರುತ್ತದೆ. ಎರಡನ್ನೂ ಕಲಸಬೇಡಿ. ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ.

ನೆರಳು ಬೆಲೆಯನ್ನು ಕೈಯಲ್ಲೇ ಲೆಕ್ಕ ಹಾಕಬಹುದಾ?

ಹಾಕಬಹುದು. ಬಾಣಲೆ ನಿಮಿಷದ ಬೆಲೆ 'ಬಾ', ಕೈಕೆಲಸದ್ದು 'ಕೈ' ಎಂದುಕೊಳ್ಳಿ. ತಯಾರಿಸುತ್ತಿರುವ ಪ್ರತಿ ತಿಂಡಿಯ ಲಾಭ ಅದು ನುಂಗುವ ನಿಮಿಷಗಳ ಬೆಲೆಗೆ ಸಮ ಆಗಬೇಕು:

6ಬಾ + 8ಕೈ = 60
4ಬಾ + 12ಕೈ = 50

ಬಿಡಿಸಿದರೆ ಬಾ = 8, ಕೈ = 1.5. ಸರಿ ಇದೆಯಾ ಎಂದು ತಾಳೆ ನೋಡಬೇಕೆಂದರೆ, 480 × 8 ಮತ್ತು 960 × 1.5 ಕೂಡಿಸಿ. 3,840 + 1,440 = 5,280. ದಿನದ ಲಾಭ ಪೂರ್ತಿ ಎರಡು ಸಂಪನ್ಮೂಲಗಳಿಗೆ ಹಂಚಿ ಹೋಯಿತು, ಒಂದು ಪೈಸೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಡ್ಯುಯಾಲಿಟಿ ಎಂದು ಹೆದರಿಸುವ ಪಾಠದ ಹೂರಣ ಇಷ್ಟೇ.

ಬಾಣಲೆ ನಿಮಿಷಕ್ಕೆ 8 ರೂಪಾಯಿ ಅಂದಮೇಲೆ ಎರಡನೇ ಬಾಣಲೆ ತಂದರೆ ದಿನಕ್ಕೆ 3,840 ಜಾಸ್ತಿ ಬರುತ್ತದೆ ಅಲ್ವಾ?

ಬರುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಇಂಥದ್ದೇ ಗುಣಾಕಾರ ಮಾಡಿ ಯಜಮಾನರ ಮುಂದೆ ಇಟ್ಟಿದ್ದೆ. ಅದು ತಿಂಡಿಯದಲ್ಲ, ಒಂದು ಪ್ಯಾಕಿಂಗ್ ಯಂತ್ರದ ಲೆಕ್ಕ. ಅವರು ಕಾಗದವನ್ನು ಒಂದು ಸಲ ನೋಡಿ, "ಅಷ್ಟು ಪ್ಯಾಕೆಟ್ಟಿಗೆ ತುಂಬೋಕೆ ಮಾಲೆಲ್ಲಿದೆ ಮಾರಾಯ?" ಎಂದರು. ಅವರು ಕೇಳಿದ ಪ್ರಶ್ನೆಗೆ ಉತ್ತರ, ಲೆಕ್ಕದ ಜೊತೆ ಸಾಫ್ಟ್‌ವೇರ್ ಕೊಡುವ ಸೆನ್ಸಿಟಿವಿಟಿ ವರದಿಯಲ್ಲೇ ಇತ್ತು. ನೆರಳು ಬೆಲೆಯ ಪಕ್ಕದ ಎರಡು ಕಾಲಂಗಳನ್ನು ನಾನು ಓದಿರಲಿಲ್ಲ.

ಆ ಕಾಲಂಗಳ ಹೆಸರು ಅಲೋವಬಲ್ ಇನ್‌ಕ್ರೀಸ್, ಅಲೋವಬಲ್ ಡಿಕ್ರೀಸ್. ಎಷ್ಟು ಏರುವವರೆಗೆ, ಎಷ್ಟು ಇಳಿಯುವವರೆಗೆ ಈ ಬೆಲೆ ನಿಜ ಎಂದು ಅವು ಹೇಳುತ್ತವೆ. ನಮ್ಮ ಬಾಣಲೆಗೆ ಅದು 360ರಿಂದ 720 ನಿಮಿಷ. ಅಂದರೆ 480ರಿಂದ ಮೇಲೆ 240 ನಿಮಿಷ ಮಾತ್ರ. 720ಕ್ಕೆ ತಲುಪಿದಾಗ ಏನಾಗಿರುತ್ತದೆ ನೋಡಿ: ಚಕ್ಕುಲಿ 120 ಕೆಜಿ, ನಿಪ್ಪಟ್ಟು ಸೊನ್ನೆ. ಇಬ್ಬರೂ ದಿನವಿಡೀ ಚಕ್ಕುಲಿಯನ್ನೇ ಒತ್ತುತ್ತಿದ್ದಾರೆ. ಇನ್ನು ಬಾಣಲೆ ಎಷ್ಟಿದ್ದರೂ ಅದಕ್ಕೆ ಬಿಡಲು ಹಿಟ್ಟು ಒತ್ತುವವರಿಲ್ಲ. 960 ನಿಮಿಷದ ಬಾಣಲೆಯಲ್ಲಿ 240 ನಿಮಿಷ ಸುಮ್ನೆ ಬಿದ್ದಿರುತ್ತದೆ. ಲಾಭ ಏರುವುದು 1,920 ರೂಪಾಯಿ, ಗುಣಾಕಾರ ಹೇಳಿದ್ದರ ಅರ್ಧ.

ಅದೇ ಹೊತ್ತಿಗೆ ಇನ್ನೊಂದು ನಡೆಯುತ್ತದೆ. ಎರಡು ಬಾಣಲೆ ಇರುವ ಅಡುಗೆಮನೆಯಲ್ಲಿ ಕೈಕೆಲಸದ ನಿಮಿಷದ ಬೆಲೆ ಒಂದೂವರೆ ರೂಪಾಯಿಯಿಂದ ಏಳೂವರೆಗೆ ಜಿಗಿಯುತ್ತದೆ. ನಿನ್ನೆ ಗಂಟೆಗೆ 90 ರೂಪಾಯಿ ಬೆಲೆಯಿದ್ದ ಕೈಗಳಿಗೆ ಇವತ್ತು 450. ಒಂದು ಕಡೆಯ ಇಕ್ಕಟ್ಟು ಬಿಡಿಸಿದರೆ ಇನ್ನೊಂದು ಕಡೆ ಇಕ್ಕಟ್ಟಾಗುತ್ತದೆ. ಎರಡನೇ ಬಾಣಲೆ ಜೊತೆ ಮೂರನೇ ಕೆಲಸದವರನ್ನೂ ಸೇರಿಸಿ ಹೊಸದಾಗಿ ಲೆಕ್ಕ ಹಾಕಬೇಕು.

ದಿನಕ್ಕೆ 120 ಕೆಜಿ ಚಕ್ಕುಲಿ ಕೊಳ್ಳುವವರು ಯಾರು ಎಂಬುದು ಬೇರೆ ಮಾತು. ಮಾರಾಟದ ಮಿತಿಯನ್ನು ನಾವು ಲೆಕ್ಕದಲ್ಲಿ ಬರೆದೇ ಇಲ್ಲ. ಬರೆಯದ ಮಿತಿಯ ಬಗ್ಗೆ ವರದಿ ಬಾಯಿ ಬಿಡುವುದಿಲ್ಲ.

ಕೈಕೆಲಸದ ನೆರಳು ಬೆಲೆ ಗಂಟೆಗೆ 90. ಅಂದರೆ ಓವರ್‌ಟೈಮಿಗೆ 90ರವರೆಗೆ ಕೊಡಬಹುದಾ?

ನಿಮ್ಮ 60 ಮತ್ತು 50 ರೂಪಾಯಿ ಲಾಭದಲ್ಲಿ ಕೂಲಿ ಕಳೆದಿದ್ದೀರಾ, ಇಲ್ಲವಾ? ಇಡೀ ಉತ್ತರ ಈ ಪ್ರಶ್ನೆಯ ಮೇಲೆ ನಿಂತಿದೆ.

ನಮ್ಮ ಉದಾಹರಣೆಯಲ್ಲಿ ಕಳೆದಿಲ್ಲ. ಹಿಟ್ಟು, ಎಣ್ಣೆ, ಗ್ಯಾಸ್, ಪ್ಯಾಕಿಂಗ್ ಮಾತ್ರ ಕಳೆದಿದ್ದೇವೆ. ಕೂಲಿ ದಿನಗೂಲಿ, ಚಕ್ಕುಲಿ ಮಾಡಲಿ ಬಿಡಲಿ ಕೊಡಲೇಬೇಕು. ಹಾಗಾದರೆ ಒಂದು ಗಂಟೆ ಓವರ್‌ಟೈಮಿಗೆ ಒಟ್ಟು 90 ರೂಪಾಯಿ ಕೊಟ್ಟರೆ ಲಾಭನಷ್ಟ ಸರಿಸಮ. 70ಕ್ಕೆ ಒಪ್ಪಿದರೆ ನಿಮಗೆ 20 ಉಳಿಯುತ್ತದೆ.

ಆದರೆ ಗಂಟೆಗೆ 60 ರೂಪಾಯಿ ಕೂಲಿ ಎಂದು ಹಿಡಿದು, ಅದನ್ನೂ ಕಳೆದು, ಆಮೇಲೆ ಉಳಿದದ್ದೇ 60 ಮತ್ತು 50 ಆಗಿದ್ದರೆ? ಆಗ ನೆರಳು ಬೆಲೆಯ 90 ಆ ಕೂಲಿಯ ಮೇಲಿನದು. ಗಂಟೆಗೆ 150ರವರೆಗೆ ಕೊಡಬಹುದು. ಒಂದೇ ವರದಿ, ಒಂದೇ ಅಂಕಿ, ಅರ್ಥ ಎರಡು. ವರದಿಗೆ ಇದು ಗೊತ್ತಿರುವುದಿಲ್ಲ, ಲೆಕ್ಕ ಬರೆದವರಿಗೆ ಗೊತ್ತಿರಬೇಕು. ಬೇರೆಯವರು ಬರೆದ ಶೀಟು ಕೈಗೆ ಬಂದರೆ ನಾನು ಮೊದಲು ಕೇಳುವುದೇ ಇದನ್ನು.

ಇಲ್ಲೂ ಮಿತಿ ಇದೆ. ಕೈಕೆಲಸದ ಬೆಲೆ 640ರಿಂದ 1,120 ನಿಮಿಷದವರೆಗೆ ಮಾತ್ರ ನಿಜ. 960ರ ಮೇಲೆ 160 ನಿಮಿಷ, ಅಂದರೆ ಎರಡು ಗಂಟೆ 40 ನಿಮಿಷ. ಅಷ್ಟರಲ್ಲಿ ನಿಪ್ಪಟ್ಟು 72 ಕೆಜಿ ತಲುಪಿ ಕಡಲೆಕಾಯಿ ಬೀಜ ಖಾಲಿ.

ಕಡಲೆಕಾಯಿ ಬೀಜದ ನೆರಳು ಬೆಲೆ ಸೊನ್ನೆ. ದುಡ್ಡು ಕೊಟ್ಟು ತಂದದ್ದಕ್ಕೆ ಬೆಲೆಯೇ ಇಲ್ವಾ?

ಅಂಗಡಿಯಲ್ಲಿ ಬೆಲೆ ಇದೆ. ಇವತ್ತಿನ ನಿಮ್ಮ ಯೋಜನೆಯಲ್ಲಿ ಇನ್ನೊಂದು ಕೆಜಿಗೆ ಬೆಲೆ ಇಲ್ಲ. 3 ಕೆಜಿ ಈಗಾಗಲೇ ಡಬ್ಬದಲ್ಲಿ ಉಳಿದಿದೆ, ಇನ್ನಷ್ಟು ತಂದು ಏನು ಮಾಡುತ್ತೀರಿ? ಉಳಿದಿದ್ದರೆ ನೆರಳು ಬೆಲೆ ಸೊನ್ನೆ. ನೆರಳು ಬೆಲೆ ಇದ್ದರೆ ಉಳಿದಿರುವುದಿಲ್ಲ. ಇದಕ್ಕೆ ಕಾಂಪ್ಲಿಮೆಂಟರಿ ಸ್ಲ್ಯಾಕ್‌ನೆಸ್ ಎಂಬ ಉದ್ದ ಹೆಸರು ಇಟ್ಟಿದ್ದಾರೆ.

ರೆಡ್ಯೂಸ್ಡ್ ಕಾಸ್ಟ್ ಎಂಬ ಕಾಲಂ ಯಾಕೆ? ನನ್ನ ವರದಿಯಲ್ಲಿ ಎಲ್ಲಾ ಸೊನ್ನೆ ಇದೆ.

ನಿಮ್ಮ ಯೋಜನೆಯಲ್ಲಿ ಎಲ್ಲ ತಿಂಡಿಯನ್ನೂ ಮಾಡುತ್ತಿದ್ದೀರಿ, ಅದಕ್ಕೆ ಸೊನ್ನೆ. ಮಾಡದೆ ಬಿಟ್ಟ ವಸ್ತುವಿಗೆ ಅದರ ಉಪಯೋಗ.

ಕೋಡುಬಳೆಯನ್ನೂ ಸೇರಿಸೋಣ. ಕೆಜಿಗೆ ಲಾಭ 65 ರೂಪಾಯಿ, ಎರಡಕ್ಕಿಂತಲೂ ಜಾಸ್ತಿ. ಆದರೆ ಹೊಸೆದು, ಬಳೆ ಸುತ್ತಿ, ಬೇಯಿಸಲು ಬಾಣಲೆಯ 7 ನಿಮಿಷ, ಕೈಕೆಲಸದ 10 ನಿಮಿಷ ಬೇಕು. ಆ ನಿಮಿಷಗಳ ಬೆಲೆ 7 × 8 + 10 × 1.5, ಒಟ್ಟು 71. ಬರುವುದು 65, ನುಂಗುವುದು 71. ಸಾಲ್ವರ್ ಕೋಡುಬಳೆ ಸೊನ್ನೆ ಎಂದು ಹೇಳಿ, ರೆಡ್ಯೂಸ್ಡ್ ಕಾಸ್ಟ್ −6 ಎಂದು ತೋರಿಸುತ್ತದೆ. ಲಾಭ 71 ದಾಟಿದರೆ ಮಾತ್ರ ಕೋಡುಬಳೆಗೆ ಕೈ ಹಾಕಿ ಎಂದರ್ಥ.

ಮದುವೆ ಮನೆಯವರು ಬಂದು, "ಐದು ಕೆಜಿ ಕೋಡುಬಳೆ ಬೇಕೇ ಬೇಕು" ಎಂದರು ಅನ್ನಿ. ಮಾಡಿಕೊಟ್ಟರೆ ದಿನದ ಲಾಭ 5 × 6, ಅಂದರೆ 30 ರೂಪಾಯಿ ಇಳಿದು 5,250 ಆಗುತ್ತದೆ. ಚಕ್ಕುಲಿ 42.5, ನಿಪ್ಪಟ್ಟು 47.5 ಕೆಜಿ. ಹಳೇ ಗಿರಾಕಿಗಾಗಿ 30 ರೂಪಾಯಿ ಬಿಡುವುದಾ, ಇಲ್ಲ ಕೆಜಿಗೆ 6 ರೂಪಾಯಿ ಜಾಸ್ತಿ ಕೇಳುವುದಾ ಎಂಬುದು ನಿಮಗೆ ಬಿಟ್ಟದ್ದು. ಎಷ್ಟು ಬಿಡುತ್ತಿದ್ದೇನೆ ಎಂಬ ಲೆಕ್ಕವಾದರೂ ಕೈಯಲ್ಲಿರುತ್ತದೆ.

ಎರಡು ಮೂರು ಅಂಕಿ ಒಟ್ಟಿಗೆ ಬದಲಾದರೆ?

ವರದಿಯ ಪ್ರತಿ ಸಾಲು 'ಉಳಿದದ್ದೆಲ್ಲ ಹಾಗೇ ಇದ್ದರೆ' ಎಂಬ ಷರತ್ತಿನ ಮೇಲೆ ನಿಂತಿದೆ. ಒಟ್ಟಿಗೆ ಬದಲಾದರೆ ನೂರು ಪರ್ಸೆಂಟ್ ನಿಯಮ ಇದೆ. ಪ್ರತಿ ಬದಲಾವಣೆಯೂ ತನಗೆ ಬಿಟ್ಟ ಮಿತಿಯಲ್ಲಿ ಎಷ್ಟು ಪರ್ಸೆಂಟ್ ತಿಂದಿದೆ ಎಂದು ನೋಡಿ ಕೂಡಿಸಿ. 100 ದಾಟದಿದ್ದರೆ ಧೈರ್ಯವಾಗಿರಬಹುದು.

ಚಕ್ಕುಲಿ ಲಾಭ 9 ರೂಪಾಯಿ ಏರಿತು. ಮಿತಿ 15, ತಿಂದದ್ದು 60 ಪರ್ಸೆಂಟ್. ನಿಪ್ಪಟ್ಟು 5 ರೂಪಾಯಿ ಇಳಿಯಿತು. ಇಳಿಯುವ ಮಿತಿ 10, ತಿಂದದ್ದು 50 ಪರ್ಸೆಂಟ್. ಒಟ್ಟು 110. ನಿಜಕ್ಕೂ 69/45 ಅಂದರೆ 1.53, ಗೆರೆ 1.5 ದಾಟಿತು, ಯೋಜನೆ ಬದಲಾಯಿತು.

ಈಗ ಚಕ್ಕುಲಿ 9 ಏರಲಿ, ನಿಪ್ಪಟ್ಟೂ 20 ಏರಲಿ. 60 + 50, ಮತ್ತೆ 110. ಆದರೆ 69/70 ಅಂದರೆ 0.99, ಯೋಜನೆ ಕದಲಲೇ ಇಲ್ಲ. 100ರೊಳಗೆ ಇದ್ದರೆ ಖಾತ್ರಿ, ದಾಟಿದರೆ ಏನೂ ಹೇಳಲಾಗುವುದಿಲ್ಲ, ಮತ್ತೆ ಲೆಕ್ಕ ಹಾಕಿ. '100 ದಾಟಿತು, ಆದ್ದರಿಂದ ಯೋಜನೆ ಬದಲಾಗುತ್ತದೆ' ಎಂದು ಬರೆದರೆ ತಪ್ಪು.

ಮಿತಿಯ ಕಾಲಂನಲ್ಲಿ 1ಇ+30 ಎಂದು ಬಂದಿದೆ. ಇನ್ನೊಂದು ಕಡೆ ಸೊನ್ನೆ. ಏನಿದು?

1ಇ+30 ಅಂದರೆ ಒಂದರ ಮುಂದೆ 30 ಸೊನ್ನೆ. ಸಾಲ್ವರ್ ಭಾಷೆಯಲ್ಲಿ ಅನಂತ. ಕಡಲೆಕಾಯಿ ಬೀಜ ಎಷ್ಟು ಏರಿಸಿದರೂ ಅದರ ಬೆಲೆ ಸೊನ್ನೆಯೇ, ಅದಕ್ಕೆ ಹಾಗೆ ಬಂದಿದೆ.

ಸೊನ್ನೆ ಕಂಡರೆ ಸ್ವಲ್ಪ ನಿಲ್ಲಿ. ಲಾಭದ ಸಾಲಿನಲ್ಲಿ ಮಿತಿ ಸೊನ್ನೆ ಇದ್ದರೆ ಸಾಮಾನ್ಯವಾಗಿ ಇನ್ನೊಂದು ಯೋಜನೆಯೂ ಅಷ್ಟೇ ಲಾಭ ಕೊಡುತ್ತಿರುತ್ತದೆ. ಚಕ್ಕುಲಿ ಲಾಭ ಸರಿಯಾಗಿ 75 ಆದರೆ 48, 48 ಮಾಡಿದರೂ 6,000, ಬರೀ 80 ಕೆಜಿ ಚಕ್ಕುಲಿ ಮಾಡಿದರೂ 6,000. ಇದು ಒಳ್ಳೆಯ ಸುದ್ದಿ, ಆಯ್ಕೆ ನಿಮ್ಮದು.

ಸಂಪನ್ಮೂಲದ ಸಾಲಿನಲ್ಲಿ ಸೊನ್ನೆ ಇದ್ದರೆ ಅದು ಡಿಜೆನರಸಿ. ಕಡಲೆಕಾಯಿ ಬೀಜ 9ರ ಬದಲು ಸರಿಯಾಗಿ 6 ಕೆಜಿ ಇತ್ತು ಅನ್ನಿ. ಮೂರು ಗೆರೆಗಳೂ (48, 48) ಮೂಲೆಯಲ್ಲೇ ಸೇರುತ್ತವೆ. ಆಗ ಒಂದೇ ವಸ್ತುವಿಗೆ ಎರಡು ನೆರಳು ಬೆಲೆ. ಬಾಣಲೆ ಒಂದು ನಿಮಿಷ ಜಾಸ್ತಿ ಸಿಕ್ಕರೆ 8 ರೂಪಾಯಿ ಲಾಭ, ಒಂದು ನಿಮಿಷ ಕಳೆದುಕೊಂಡರೆ 10 ರೂಪಾಯಿ ನಷ್ಟ. ಕೈಕೆಲಸ ಜಾಸ್ತಿಯಾದರೆ ಸೊನ್ನೆ, ಕಡಿಮೆಯಾದರೆ ಒಂದೂವರೆ. ಕೊಳ್ಳುವ ಬೆಲೆ ಬೇರೆ, ಬಿಡುವ ಬೆಲೆ ಬೇರೆ. ಸಾಲ್ವರ್ ಮಾತ್ರ ಯಾವುದೋ ಒಂದನ್ನು ತೋರಿಸಿ ಸುಮ್ಮನಾಗುತ್ತದೆ. ಗೆಳೆಯರ ಸಾಫ್ಟ್‌ವೇರ್ ಒಂದು ಬೆಲೆ, ನಿಮ್ಮದು ಇನ್ನೊಂದು ಬೆಲೆ ತೋರಿಸಿದರೆ ಜಗಳ ಬೇಡ. ಇಬ್ಬರದೂ ಸರಿ ಇರಬಹುದು.

ಎಕ್ಸೆಲ್‌ನಲ್ಲಿ ಈ ವರದಿ ತೆಗೆಯುವುದು ಹೇಗೆ?

ಡೇಟಾ ಟ್ಯಾಬಿನಲ್ಲಿ ಸಾಲ್ವರ್ ತೆರೆದು, ವಿಧಾನವನ್ನು ಸಿಂಪ್ಲೆಕ್ಸ್ ಎಲ್‌ಪಿ ಎಂದು ಆರಿಸಿ. ಉತ್ತರ ಬಂದಾಗ ತೆರೆಯುವ ಕಿಟಕಿಯಲ್ಲಿ ರಿಪೋರ್ಟ್ಸ್ ಎಂಬ ಪಟ್ಟಿ ಇರುತ್ತದೆ. ಅಲ್ಲಿ ಸೆನ್ಸಿಟಿವಿಟಿ ಒತ್ತಿ ಓಕೆ ಕೊಟ್ಟರೆ ಹೊಸ ಶೀಟು ಬರುತ್ತದೆ. ವಿಧಾನವನ್ನು ಜಿಆರ್‌ಜಿ ನಾನ್‌ಲೀನಿಯರ್ ಎಂದೇ ಬಿಟ್ಟಿದ್ದರೆ ಶ್ಯಾಡೋ ಪ್ರೈಸ್ ಬದಲು ಲಗ್ರಾಂಜ್ ಮಲ್ಟಿಪ್ಲೈಯರ್ ಎಂದು ಬರುತ್ತದೆ, ಮಿತಿಯ ಕಾಲಂಗಳೇ ಇರುವುದಿಲ್ಲ. 'ನನಗೆ ಅಲೋವಬಲ್ ಇನ್‌ಕ್ರೀಸ್ ಕಾಣ್ತಿಲ್ಲ' ಎನ್ನುವವರ ಸಮಸ್ಯೆ ಹೆಚ್ಚಾಗಿ ಇದೇ.

ಇನ್ನೊಂದು ಕಿರಿಕಿರಿ. 'ಚಕ್ಕುಲಿ 40 ಕೆಜಿ ಮೀರಬಾರದು' ಎಂದು ನೇರವಾಗಿ ಚಕ್ಕುಲಿಯ ಕೋಶದ ಮೇಲೇ ಮಿತಿ ಹಾಕಿದರೆ, ಅದು ಸಂಪನ್ಮೂಲಗಳ ಪಟ್ಟಿಯಲ್ಲಿ ಕಾಣುವುದಿಲ್ಲ. ಅದರ ನೆರಳು ಬೆಲೆ ಮೇಲಿನ ರೆಡ್ಯೂಸ್ಡ್ ಕಾಸ್ಟ್ ಕಾಲಂನಲ್ಲಿ ಅಡಗಿರುತ್ತದೆ.

ಪೈಥಾನ್‌ನಲ್ಲಿ ನೆರಳು ಬೆಲೆ ಮೈನಸ್ ಬರುತ್ತಿದೆ, ಯಾಕೆ?

ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿ ಈ ಲೆಕ್ಕ ಬಿಡಿಸುವ ಲಿನ್‌ಪ್ರಾಗ್‌ಗೆ ಕನಿಷ್ಠ ಮಾಡುವುದು ಮಾತ್ರ ಗೊತ್ತು. ಲಾಭವನ್ನು ನೀವು ಮೈನಸ್ ಹಾಕಿ ಕೊಟ್ಟಿರುತ್ತೀರಿ, ಅದಕ್ಕೆ ಬೆಲೆಯೂ −8, −1.5 ಎಂದು ಮರಳುತ್ತದೆ. ಚಿಹ್ನೆ ತಿರುಗಿಸಿಕೊಳ್ಳಿ. ಆ ಬೆಲೆ ಎಲ್ಲಿಂದ ಎಲ್ಲಿಯವರೆಗೆ ನಿಜ ಎಂಬ ಮಿತಿಗಳನ್ನು ಅದು ಕೊಡುವುದಿಲ್ಲ.

ಖರ್ಚು ಕಡಿಮೆ ಮಾಡುವ ಲೆಕ್ಕದಲ್ಲಿ ಇದನ್ನು ಓದುವುದು ಹೇಗೆ?

ಪಶು ಆಹಾರದ ಲೆಕ್ಕ ಒಳ್ಳೆಯ ಉದಾಹರಣೆ. ಮೆಕ್ಕೆಜೋಳದಲ್ಲಿ ಪ್ರೋಟೀನ್ 9 ಪರ್ಸೆಂಟ್, ಕೆಜಿಗೆ 24 ರೂಪಾಯಿ. ಸೋಯಾ ಹಿಂಡಿಯಲ್ಲಿ 45 ಪರ್ಸೆಂಟ್, 48 ರೂಪಾಯಿ ಎಂದಿಟ್ಟುಕೊಳ್ಳಿ. 100 ಕೆಜಿ ಮಿಶ್ರಣದಲ್ಲಿ ಕನಿಷ್ಠ 18 ಕೆಜಿ ಪ್ರೋಟೀನ್ ಇರಬೇಕು. ಉತ್ತರ: ಜೋಳ 75, ಸೋಯಾ 25, ಖರ್ಚು 3,000.

ಪ್ರೋಟೀನ್‌ನ ನೆರಳು ಬೆಲೆ ಕೆಜಿಗೆ 66.67 ರೂಪಾಯಿ. 18ರ ಬದಲು 19 ಬೇಕು ಎಂದರೆ ಅಷ್ಟು ಖರ್ಚು ಏರುತ್ತದೆ. ತೂಕದ (ಒಟ್ಟು 100 ಕೆಜಿ ಆಗಬೇಕೆಂಬ ಷರತ್ತಿನ) ನೆರಳು ಬೆಲೆ ಕೆಜಿಗೆ 18. ಈಗ ವ್ಯಾಪಾರಿಯೊಬ್ಬರು 40 ಪರ್ಸೆಂಟ್ ಪ್ರೋಟೀನ್ ಇರುವ ಕಡಲೆಕಾಯಿ ಹಿಂಡಿಯನ್ನು 47 ರೂಪಾಯಿಗೆ ಕೊಡುತ್ತೇನೆ ಎಂದರೆ? 18 + 0.40 × 66.67, ಅಂದರೆ 44.67. ಅದಕ್ಕಿಂತ ಕಡಿಮೆಗೆ ಬಂದರೆ ಕೊಳ್ಳಿ. ಇಲ್ಲಿ ರೆಡ್ಯೂಸ್ಡ್ ಕಾಸ್ಟ್ 2.33, ಚೌಕಾಸಿಯಲ್ಲಿ ಇಳಿಸಬೇಕಾದ ಮೊತ್ತವೇ ಅದು. ಫೋನಿನಲ್ಲಿ ಮಾತಾಡುತ್ತಲೇ ಹಾಕಬಹುದಾದ ಲೆಕ್ಕ.

ಈ ಜಾತಿಯ ಲೆಕ್ಕಕ್ಕೆ ಹಳೆಯ ಚರಿತ್ರೆ ಇದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ 77 ಆಹಾರ ಪದಾರ್ಥಗಳ ಪಟ್ಟಿ ಹಿಡಿದು, ಒಬ್ಬ ಮನುಷ್ಯ ಒಂದು ವರ್ಷ ಎಷ್ಟು ಅಗ್ಗದಲ್ಲಿ ಪೌಷ್ಟಿಕವಾಗಿ ಉಣ್ಣಬಹುದು ಎಂದು ಹುಡುಕಿದರು. ಅಂದಾಜಿನ ದಾರಿಯಲ್ಲೇ ಹೋಗಿ 1939ರ ಬೆಲೆಗಳಲ್ಲಿ 39.93 ಡಾಲರ್ ಎಂದರು. 1947ರಲ್ಲಿ ಜಾಕ್ ಲ್ಯಾಡರ್‌ಮನ್ ತಂಡ ಅಮೆರಿಕದ ಗಣಿತಜ್ಞ ಜಾರ್ಜ್ ಡ್ಯಾಂಟ್ಜಿಗ್ ಅವರ ಹೊಸ ಸಿಂಪ್ಲೆಕ್ಸ್ ವಿಧಾನದಿಂದ ಅದನ್ನೇ ಬಿಡಿಸಿತು. ಮೇಜಿನ ಮೇಲಿನ ಕ್ಯಾಲ್ಕುಲೇಟರ್‌ಗಳಲ್ಲಿ 120 ಆಳುದಿನ ಹಿಡಿಯಿತು. ಉತ್ತರ 39.69 ಡಾಲರ್. ವ್ಯತ್ಯಾಸ 24 ಸೆಂಟ್!

ಡ್ಯಾಂಟ್ಜಿಗ್ ಆಮೇಲೆ ತಮ್ಮ ತೂಕ ಇಳಿಸಲು ಇದೇ ವಿಧಾನ ಬಳಸಲು ಹೋದಾಗ ಕಂಪ್ಯೂಟರ್ ದಿನಕ್ಕೆ 500 ಗ್ಯಾಲನ್ ವಿನೆಗರ್ ಕುಡಿಯಿರಿ ಎಂದಿತಂತೆ. ಮೇಲೆ 120 ಕೆಜಿ ಚಕ್ಕುಲಿ ಎಂದಿತ್ತಲ್ಲ, ಅದೇ ಕಥೆ.

ಇಷ್ಟು ಪ್ಯಾಕೆಟ್, ಇಷ್ಟು ಲಾರಿ ಎಂಬ ಪೂರ್ಣಸಂಖ್ಯೆಯ ಲೆಕ್ಕದಲ್ಲಿ?

ಅಲ್ಲಿ ಈ ವರದಿ ಕೆಲಸ ಮಾಡುವುದಿಲ್ಲ. ಎಕ್ಸೆಲ್ ಕೂಡ ಅರ್ಥವಿಲ್ಲ ಎಂದು ಹೇಳಿ ಕೈ ಚೆಲ್ಲುತ್ತದೆ. ಅರ್ಧ ಲಾರಿ ಕಳಿಸಲಾಗುವುದಿಲ್ಲವಾದ್ದರಿಂದ ಲಾಭ ಇಳಿಜಾರಿನಂತೆ ಏರುವುದಿಲ್ಲ, ಮೆಟ್ಟಿಲಿನಂತೆ ಜಿಗಿಯುತ್ತದೆ. ಬೇರೆ ಬೇರೆ ಅಂಕಿ ಹಾಕಿ ಮತ್ತೆ ಮತ್ತೆ ಬಿಡಿಸಿ ನೋಡುವುದೇ ದಾರಿ.

ನೆರಳು ಬೆಲೆಯ ಯೋಚನೆ ಮೊದಲು ಯಾರಿಗೆ ಹೊಳೆದದ್ದು?

ಡ್ಯಾಂಟ್ಜಿಗ್‌ಗಿಂತ ಮುಂಚೆ, 1939ರಲ್ಲಿ, ಸೋವಿಯತ್ ಒಕ್ಕೂಟದ ಲೆನಿನ್‌ಗ್ರಾಡ್‌ನಲ್ಲಿ ಗಣಿತಜ್ಞ ಲಿಯೊನಿಡ್ ಕಾಂಟೊರೊವಿಚ್ ಅವರಿಗೆ. ಪ್ಲೈವುಡ್ ಉದ್ಯಮದವರು ಯಾವ ಯಂತ್ರಕ್ಕೆ ಯಾವ ಮರ ಕೊಡಬೇಕು ಎಂದು ಕೇಳಿಕೊಂಡು ಬಂದಿದ್ದರು. ಅದನ್ನು ಬಿಡಿಸಲು ಅವರು ಪ್ರತಿ ಮಿತಿಗೂ ಒಂದೊಂದು ಗುಣಕ ಇಟ್ಟುಕೊಂಡರು. ಆ ಗುಣಕಗಳೇ ನೆರಳು ಬೆಲೆಗಳು. ಬೆಲೆಯನ್ನು ಶ್ರಮದಿಂದಲೇ ಅಳೆಯಬೇಕೆನ್ನುವ ಊರಿನಲ್ಲಿ ಇಂಥ ಬೆಲೆಯ ಮಾತಾಡುವುದು ಸುಲಭವಿರಲಿಲ್ಲ. 1975ರಲ್ಲಿ ಅವರಿಗೂ ಟ್ಯಾಲಿಂಗ್ ಕೂಪ್‌ಮನ್ಸ್ ಅವರಿಗೂ ಅರ್ಥಶಾಸ್ತ್ರದ ನೊಬೆಲ್ ಬಂತು. ಡ್ಯಾಂಟ್ಜಿಗ್‌ಗೆ ಬರಲಿಲ್ಲ. ಡ್ಯಾಂಟ್ಜಿಗ್ 1947ರ ಅಕ್ಟೋಬರ್‌ನಲ್ಲಿ ಪ್ರಿನ್ಸ್‌ಟನ್‌ಗೆ ಹೋಗಿ ಗಣಿತಜ್ಞ ಜಾನ್ ವಾನ್ ನ್ಯೂಮನ್ ಅವರಿಗೆ ತಮ್ಮ ಸಮಸ್ಯೆ ವಿವರಿಸಿದಾಗ, ಅವರಿಂದ ಡ್ಯುಯಾಲಿಟಿಯ ಪಾಠ ನಿಂತ ನಿಲುವಿನಲ್ಲೇ ವಾಪಸ್ ಸಿಕ್ಕಿತು.

ನಮ್ಮ ಕಡೆ ಇದು ಎಲ್ಲಾದರೂ ಕಣ್ಣಿಗೆ ಕಾಣುತ್ತದಾ?

ಕರೆಂಟಿನ ಪೇಟೆಯಲ್ಲಿ ಕಾಣುತ್ತದೆ. ಪವರ್ ಎಕ್ಸ್‌ಚೇಂಜಿನಲ್ಲಿ ನಾಳೆಯ ವಿದ್ಯುತ್ತಿನ ದಿನವನ್ನು 15 ನಿಮಿಷದ 96 ತುಂಡು ಮಾಡಿ ಮಾರುತ್ತಾರೆ. ದೇಶವನ್ನು ವಲಯಗಳಾಗಿ ಹಂಚಿದ್ದಾರೆ, ಕರ್ನಾಟಕ ಇರುವುದು ಎಸ್1 ವಲಯದಲ್ಲಿ, ತಮಿಳುನಾಡು ಎಸ್2ರಲ್ಲಿ. ತಂತಿಗಳಲ್ಲಿ ಜಾಗ ಇರುವಷ್ಟು ಹೊತ್ತು ಎಲ್ಲೆಡೆ ಒಂದೇ ಬೆಲೆ. ಎರಡು ವಲಯದ ನಡುವಿನ ಲೈನು ತುಂಬಿಹೋದರೆ ಎರಡು ಕಡೆ ಎರಡು ಬೆಲೆ. ಆ ಅಂತರ ಲೈನಿನ ನೆರಳು ಬೆಲೆ ಎಂದು ಓದಿಕೊಳ್ಳಬಹುದು. ಜಾಗ ಇದ್ದಾಗ ಸೊನ್ನೆ, ಇಕ್ಕಟ್ಟಾದಾಗ ಸೊನ್ನೆಗಿಂತ ಮೇಲೆ. ನಮ್ಮ ಕಡಲೆಕಾಯಿ ಬೀಜಕ್ಕೂ ಇದೇ ನಿಯಮ ತಾನೇ?

ಕೆಜಿಗೆ ಹಿಡಿಯುವ ನಿಮಿಷಗಳೇ ಬದಲಾದರೆ ವರದಿಯಲ್ಲಿ ಎಲ್ಲಿ ನೋಡಬೇಕು?

ಎಲ್ಲೂ ಇರುವುದಿಲ್ಲ. ಲಾಭದ ಅಂಕಿಗಳು ಮತ್ತು ಬಲಗಡೆಯ ಮಿತಿಗಳ ಬಗ್ಗೆ ಮಾತ್ರ ವರದಿ ಮಾತಾಡುತ್ತದೆ. ನಡುವಿನ 6, 4, 8, 12 ಬದಲಾದರೆ ಮತ್ತೆ ಬಿಡಿಸಬೇಕು. ಹೇಗೂ ಸೆಕೆಂಡಿನಲ್ಲಿ ಉತ್ತರ ಬರುತ್ತದೆ.

ಆದರೂ ನೆರಳು ಬೆಲೆಯಿಂದ ಒಂದು ಅಂದಾಜು ಸಿಗುತ್ತದೆ. ಅಗಲದ ಬಾಣಲೆ ಬಂದು ಚಕ್ಕುಲಿಗೆ 6ರ ಬದಲು 5 ನಿಮಿಷ ಸಾಕಾಯಿತು ಅನ್ನಿ. 48 ಕೆಜಿಗೆ 48 ನಿಮಿಷ ಉಳಿಯಿತು, ನಿಮಿಷಕ್ಕೆ 8ರಂತೆ 384 ರೂಪಾಯಿ. ಸಾಲ್ವರ್ ಓಡಿಸಿ ನೋಡಿದರೆ ಲಾಭ 5,829ಕ್ಕೆ ಏರಿದೆ, ಅಂದರೆ 549 ಜಾಸ್ತಿ. ಅಂದಾಜಿಗಿಂತ 165 ರೂಪಾಯಿ ಹೆಚ್ಚು. ಚಕ್ಕುಲಿ ಈಗ ಬಾಣಲೆಯನ್ನು ಕಡಿಮೆ ಹಿಡಿದಿಡುತ್ತದೆ, ಅದಕ್ಕೆ ಯೋಜನೆಯೇ ಆ ಕಡೆ ವಾಲಿ 48 ಇದ್ದದ್ದು 68 ಕೆಜಿ ದಾಟಿದೆ, ನಿಪ್ಪಟ್ಟು 34ರ ಹತ್ತಿರಕ್ಕೆ ಇಳಿದಿದೆ. 384 ಎಂಬುದು ಹಳೇ ಯೋಜನೆಯ ಕಣ್ಣಲ್ಲಿ ನೋಡಿದ ಲೆಕ್ಕ, ಕನಿಷ್ಠ ಅಷ್ಟಂತೂ ಸಿಗುತ್ತದೆ. ಬಾಣಲೆ ಅಂಗಡಿಯಲ್ಲಿ ನಿಂತು ರೇಟು ಕೇಳುವಾಗ ಅಷ್ಟು ಗೊತ್ತಿದ್ದರೆ ಸಾಕು.